ಗೆಡ್ಡೆ ಕಿತ್ತಾಯ್ತು, ಹೊಲ?

ಹಾಸನದಿಂದ ಬೆಂಗಳೂರಿಗೆ ಹೊರಟ ಬೆಳಗಿನ ರೈಲು. ಕಿಟಕಿ ಪಕ್ಕ ಅರಕಲಗೂಡು ಕಡೆಯ ರೈತರೊಬ್ಬರು, ಅರವತ್ತರ ಹತ್ತಿರದ ವಯಸ್ಸು. 2021ರ ಆಗಸ್ಟಿನಲ್ಲಿ ಲಿವರಿನ ಕ್ಯಾನ್ಸರ್ ಗೆಡ್ಡೆ ತೆಗೆಸಿಕೊಂಡವರು. ಎದುರಿಗೆ ಅವರ ಸೋದರ ಸೊಸೆ. ಹೊಳೆನರಸೀಪುರದಲ್ಲಿ ಬೆಳೆದು ಈಗ ಬೆಂಗಳೂರಿನಲ್ಲಿ ಶಸ್ತ್ರವೈದ್ಯೆ. ಆರು ತಿಂಗಳ ತಪಾಸಣೆಗೆ ಮಾವನನ್ನು ಅವಳೇ ಕರೆದುಕೊಂಡು ಹೊರಟಿದ್ದಾಳೆ.

ಮಾವ: ಈ ಫೈಲು ತೂಕ ನೋಡಮ್ಮ. ಆಲೂಗೆಡ್ಡೆ ಆಗಿದ್ರೆ ಹಾಸನದ ಎಪಿಎಂಸಿಲೇ ಇಳಿಸಿ ಬರ್ತಿದ್ದೆ.

ಸೊಸೆ: ಇಷ್ಟು ಅಚ್ಚುಕಟ್ಟಾಗಿ ಫೈಲ್ ಇಟ್ಟುಕೊಳ್ಳೋರು ನಮಗೆ ಸಿಗೋದೇ ಅಪರೂಪ ಮಾವ. ಮೊದಲನೇ ಸ್ಕ್ಯಾನಿಂದ ಹಿಡಿದು ಎಲ್ಲ ತಾರೀಖಿನ ಪ್ರಕಾರ ಇದೆ.

ಮಾವ: ಹಂಗಾದ್ರೆ ನೋಡಿ ಒಂದು ಮಾತು ನೇರವಾಗಿ ಹೇಳು. ಬರೋ ಆಗಸ್ಟಿಗೆ ಐದು ವರ್ಷ. ಐದು ವರ್ಷ ದಾಟಿದ್ರೆ ಕ್ಯಾನ್ಸರ್ ಗೆದ್ದಂಗೆ ಅಂತಾರಲ್ಲ. ನಾನು ಗೆದ್ನಾ?

ಸೊಸೆ: ಆ ಮಾತು ಬೇರೆ ಕೆಲವು ಕ್ಯಾನ್ಸರಿಗೆ ಒಪ್ಪುತ್ತೆ. ಲಿವರಿನ ವಿಷಯದಲ್ಲಿ ಐದನೇ ವರ್ಷ ಒಂದು ಮೈಲಿಗಲ್ಲು ಅಷ್ಟೇ, ಊರು ಬಂತು ಅಂತಲ್ಲ.

ಮಾವ: ಇನ್ನೂ ನಡೀಬೇಕು ಅನ್ನು. ಇರ್ಲಿ, ಲೆಕ್ಕ ಹೇಳು. ಅವತ್ತು ಡಾಕ್ಟ್ರು ಹೇಳಿದ್ದು ಅರ್ಧ ಕಿವಿಗೆ ಬಿತ್ತು, ಅರ್ಧ ಭಯದಲ್ಲಿ ಹೋಯ್ತು.

ಸೊಸೆ: ಹತ್ತು ಜನ ಅಂದ್ಕೊಳ್ಳಿ. ಗೆಡ್ಡೆ ಚಿಕ್ಕದಿದ್ದಾಗಲೇ ಸಿಕ್ಕಿದೆ, ಉಳಿದ ಲಿವರ್ ಕೆಲಸ ಮಾಡ್ತಿದೆ, ಅನುಭವ ಇರೋ ಕೈಯಲ್ಲಿ ಆಪರೇಷನ್ ಆಗಿದೆ. ಅಂಥ ಹತ್ತು ಜನರಲ್ಲಿ ಐದು ವರ್ಷದ ಮೇಲೆ ಐದರಿಂದ ಏಳು ಜನ ಬದುಕಿರ್ತಾರೆ. ಅದೇ ಹತ್ತು ಜನರಲ್ಲಿ, ಅದೇ ಐದು ವರ್ಷದೊಳಗೆ, ಏಳು ಜನರವರೆಗೂ ಗೆಡ್ಡೆ ಮತ್ತೆ ಕಾಣಿಸ್ಕೋಬಹುದು.

ಮಾವ: ತಡಿ ತಡಿ. ಏಳು ಜನಕ್ಕೆ ಮತ್ತೆ ಬಂತು, ಆದ್ರೂ ಏಳು ಜನ ಬದುಕವ್ರೆ. ಇದೆಂಥ ಲೆಕ್ಕ?

ಸೊಸೆ: ಸರಿಯಾದ ಲೆಕ್ಕವೇ. ಮತ್ತೆ ಬಂದ ಮಾತ್ರಕ್ಕೆ ಮುಗೀತು ಅಂತಲ್ಲ. ಅದಕ್ಕೆ ನೀವೇ ಸಾಕ್ಷಿ. 2024ರ ಫೆಬ್ರವರಿ ನೆನಪಿದೆಯಾ?

ಮಾವ: ಮರೆಯೋದುಂಟೆ? ರಾಮನಾಥಪುರದ ಹರಾಜಿಗೆ ಹೊಗೆಸೊಪ್ಪು ಹಾಕಿ ಬಂದಿದ್ದೆ. ಕೈಲಿ ದುಡ್ಡಿತ್ತು, ಮೈ ಹಗುರಾಗಿತ್ತು, ಊಟ ಸೇರ್ತಿತ್ತು. ಈ ಸಲ ಸ್ಕ್ಯಾನು ಬೇಡ ಅಂತ ನಿಮ್ಮತ್ತೆ ಹತ್ರ ಜಗಳ ಆಡಿದ್ದೆ. ಅವಳು ಬಿಡಲಿಲ್ಲ, ಕಳಿಸಿದ್ಲು. ನೋಡಿದ್ರೆ ಕಡ್ಲೇಕಾಯಿ ಬೀಜದಷ್ಟು ಗೆಡ್ಡೆ.

ಸೊಸೆ: ಒಂದೂವರೆ ಸೆಂಟಿಮೀಟರ್. ಹೊಟ್ಟೆ ಕೊಯ್ಯಲಿಲ್ಲ. ಅಲ್ಟ್ರಾಸೌಂಡಿನಲ್ಲಿ ನೋಡ್ತಾ ಚರ್ಮದ ಮೂಲಕ ಸೂಜಿ ಇಳಿಸಿ, ಶಾಖ ಕೊಟ್ಟು ಅಷ್ಟು ಜಾಗ ಮಾತ್ರ ಸುಟ್ಟರು. ಎರಡು ಸೆಂಟಿಮೀಟರಿನೊಳಗಿನ ಗೆಡ್ಡೆಗೆ ಆ ಚಿಕಿತ್ಸೆ ಆಪರೇಷನ್ನಿಗೆ ಹತ್ತಿರದ ಫಲ ಕೊಡುತ್ತೆ. ಚಿಕ್ಕದಿದ್ದಾಗ ಕಣ್ಣಿಗೆ ಬಿದ್ದರೆ ದಾರಿಗಳಿರುತ್ತೆ ಮಾವ. ಸುಡಬಹುದು, ಇನ್ನೊಂದು ಸಲ ಕೊಯ್ಯಬಹುದು, ಕೆಲವರಿಗೆ ಕಸಿ ಮಾಡಬಹುದು. ನಿಮಗೆ ಒಗಟಾಗಿ ಕಂಡ ಆ ಎರಡು ಏಳರ ನಡುವೆ ಇರೋದು ಇದೇ.

ಮಾವ: ಆದ್ರೆ ಅವತ್ತು ‘ಪೂರ್ತಿ ತೆಗೆದಿದ್ದೀವಿ’ ಅಂದಿದ್ರು. ಪೂರ್ತಿ ತೆಗೆದ ಮೇಲೆ ಮತ್ತೆ ಎಲ್ಲಿಂದ ಬಂತು? ಇದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಸೊಸೆ: ಅವರು ಹೇಳಿದ್ದು ಸುಳ್ಳಲ್ಲ. ಮತ್ತೆ ಬರೋದಕ್ಕೆ ಎರಡು ದಾರಿ. ಮೊದಲ ಎರಡು ವರ್ಷದೊಳಗೆ ಬಂದರೆ ಅದು ಬಹುಪಾಲು ಹಳೇ ಗೆಡ್ಡೆಯದೇ ಕಣ. ಆಪರೇಷನ್ನಿಗೆ ಮೊದಲೇ ಸಣ್ಣ ರಕ್ತನಾಳದಲ್ಲಿ ಹರಿದುಹೋಗಿ ಇನ್ನೊಂದು ಕಡೆ ಕೂತಿರುತ್ತೆ, ಯಾವ ಸ್ಕ್ಯಾನಿಗೂ ಕಾಣಲ್ಲ. ಎರಡು ವರ್ಷ ದಾಟಿದ ಮೇಲೆ ಬಂದರೆ ಅದು ಹೆಚ್ಚಾಗಿ ಹೊಸ ಗೆಡ್ಡೆ. ಮೊದಲನೆಯದನ್ನ ಹುಟ್ಟಿಸಿದ ಲಿವರೇ ಎರಡನೆಯದನ್ನೂ ಹುಟ್ಟಿಸಿರುತ್ತೆ.

ಮಾವ: ಹಂಗೆ ಹೇಳು. ಜಲಂಧರದಿಂದ ಬಂದ ಬಿತ್ತನೆ ಗೆಡ್ಡೆಲೇ ಅಂಗಮಾರಿ ಇದ್ರೆ, ಮೋಡ ಮಳೆ ಹಿಡೀತಿದ್ದಂಗೆ ಹೊಲ ಕರ್ರಗಾಗುತ್ತೆ. ಅದು ಬಿತ್ತನೆಯಿಂದ ಬಂದದ್ದು. ಶುಂಠಿ ಕೊಳೆರೋಗ ಹಂಗಲ್ಲ. ಬೆಳೆ ಕಿತ್ತು, ಉತ್ತು, ನಡುವೆ ರಾಗಿ ಬೆಳೆದ್ರೂ ರೋಗ ಮಣ್ಣಲ್ಲೇ ಕೂತಿರುತ್ತೆ. ಮತ್ತೆ ಶುಂಠಿ ಹಾಕಿದಾಗ ಏಳುತ್ತೆ. ನನಗೆ ಬಂದದ್ದು ಎರಡೂವರೆ ವರ್ಷಕ್ಕೆ. ಅಂದ್ರೆ ಮಣ್ಣಿಂದು.

ಸೊಸೆ: ನಮ್ಮ ಪ್ರೊಫೆಸರು ಒಂದು ಗಂಟೆ ಮಾಡಿದ ಪಾಠ ನೀವು ಎರಡು ಬೆಳೆಯಲ್ಲಿ ಮುಗಿಸಿಬಿಟ್ರಿ. ನಿಮ್ಮ ಮಣ್ಣು ಕೆಡಿಸಿದ್ದು ಹೆಪಟೈಟಿಸ್ ಬಿ ವೈರಸ್. ಹತ್ತಾರು ವರ್ಷ ಒಳಗೇ ಇದ್ದು, ಲಿವರನ್ನ ಗಾಯ ಮಾಡ್ತಾ, ಮಾಯಿಸ್ತಾ, ಮತ್ತೆ ಗಾಯ ಮಾಡ್ತಾ ಬಂತು. ಕಲೆಗಟ್ಟಿ ಗಂಟುಗಂಟಾದ ಆ ಸ್ಥಿತಿಗೇ ಸಿರೋಸಿಸ್ ಅನ್ನೋದು. ಕೆಲವರಿಗೆ ಇದೇ ಕೆಲಸ ಹೆಪಟೈಟಿಸ್ ಸಿ ಮಾಡುತ್ತೆ, ಕೆಲವರಿಗೆ ಹೆಂಡ, ಕೆಲವರಿಗೆ ಸಕ್ಕರೆ ಕಾಯಿಲೆ ಜೊತೆ ಸೇರಿದ ಕೊಬ್ಬು. ಬೂಷ್ಟು ಹಿಡಿದ ಕಡ್ಲೇಕಾಯಿ, ಜೋಳದಲ್ಲಿರೋ ಅಫ್ಲಾಟಾಕ್ಸಿನ್ ಅನ್ನೋ ವಿಷವೂ ಇದಕ್ಕೆ ಕೈ ಸೇರಿಸುತ್ತೆ.

ಮಾವ: ಆಲೂಗೆಡ್ಡೆ ಬಿಟ್ಟು ಅರ್ಧ ಊರು ಮುಸುಕಿನ ಜೋಳ ಹಾಕ್ತಾ ಐತಲ್ಲಮ್ಮ.

ಸೊಸೆ: ಜೋಳದ ತಪ್ಪಲ್ಲ. ಹಸಿಯಾಗಿ ಒಟ್ಟಿಡಬಾರದು, ಬೂಷ್ಟು ಬಂದದ್ದನ್ನ ತಿನ್ನಬಾರದು, ಹಸುವಿಗೂ ಹಾಕಬಾರದು.

ಮಾವ: ಇನ್ನೊಂದು. ಲಿವರ್ ಕೊಯ್ದ್ರೂ ಮತ್ತೆ ಬೆಳೆಯುತ್ತೆ ಅಂದಿದ್ರು. ಹೊಸದಾಗಿ ಬೆಳೆದ ಮೇಲೆ ಮಣ್ಣೂ ಹೊಸದಾಗ್ಬೇಕಲ್ಲ?

ಸೊಸೆ: ಅಲ್ಲೇ ಎಲ್ಲರೂ ಎಡವೋದು. ಗಾತ್ರ ಬೆಳೆಯುತ್ತೆ, ಗುಣ ಬದಲಾಗಲ್ಲ. ಒಳ್ಳೇ ಲಿವರಾದರೆ ಕಾಲು ಭಾಗ ಉಳಿಸಿದರೂ ಕೆಲವು ವಾರಗಳಲ್ಲಿ ತುಂಬಿಕೊಳ್ಳೋಕೆ ಶುರುವಾಗುತ್ತೆ. ಸಿರೋಸಿಸ್ ಇದ್ದರೆ ಶೇ. 40ರಷ್ಟಾದರೂ ಉಳಿಸಬೇಕು. ಇಲ್ಲದಿದ್ದರೆ ಗೆಡ್ಡೆ ಹೋದರೂ ಲಿವರ್ ಕೈಕೊಡುತ್ತೆ. ಅದಕ್ಕೇ ಆಪರೇಷನ್ನಿಗೆ ಮೊದಲು ಎಷ್ಟು ತೆಗೀತೀವಿ ಅನ್ನೋದಕ್ಕಿಂತ ಎಷ್ಟು ಉಳಿಯುತ್ತೆ ಅಂತ ಅಳೆಯೋದು. ಆಗಲೇ ಕಾಮಾಲೆ ಬಂದಿದೆ, ಹೊಟ್ಟೆಯಲ್ಲಿ ನೀರು ತುಂಬಿದೆ ಅಂದರೆ ಸಾಮಾನ್ಯವಾಗಿ ಕೊಯ್ಯೋದೇ ಇಲ್ಲ.

ಮಾವ: ನನಗೆ ಆರನೇದು, ಏಳನೇದು ತುಂಡು ತೆಗೆದಿದ್ದೀವಿ ಅಂತ ಚಿತ್ರ ಬರೆದು ತೋರಿಸಿದ್ರು.

ಸೊಸೆ: ಹೌದು, ಬಲಗಡೆ ಹಿಂಬದಿ. ಫ್ರಾನ್ಸಿನ ಕ್ವಿನೋ ಅನ್ನೋ ವೈದ್ಯರು 1950ರ ದಶಕದಲ್ಲಿ ಲಿವರನ್ನ ಎಂಟು ಭಾಗವಾಗಿ ಗುರುತಿಸಿದರು. ಒಂದೊಂದು ಭಾಗಕ್ಕೂ ರಕ್ತ ತರೋ ಕಾಲುವೆ ಬೇರೆ, ಪಿತ್ತ ಹೋಗೋ ಕಾಲುವೆ ಬೇರೆ. ಹೇಮಾವತಿ ನಾಲೆಯಲ್ಲಿ ಒಂದು ತೂಬು ಮುಚ್ಚಿದರೆ ಆ ಗದ್ದೆ ಮಾತ್ರ ಒಣಗುತ್ತೆ, ಪಕ್ಕದ್ದು ಹಸಿರಾಗೇ ಇರುತ್ತೆ ನೋಡಿ, ಹಾಗೆ. ಆ ನಕ್ಷೆ ಸಿಕ್ಕ ಮೇಲೇ ಉಳಿದದ್ದಕ್ಕೆ ಪೆಟ್ಟಾಗದಂತೆ ಬೇಕಾದ ಭಾಗ ಮಾತ್ರ ತೆಗೆಯೋದು ಸಾಧ್ಯವಾಯ್ತು.

(ರೈಲು ಚನ್ನರಾಯಪಟ್ಟಣದಲ್ಲಿ ನಿಂತಿತು.)

ಮಾವ: ಇಲ್ಲಿಗೆ ಬಂದಾಗೆಲ್ಲ ಆ ಕೊಬ್ಬರಿ ಸಾಹುಕಾರ್ರು ನೆನಪಾಗ್ತಾರೆ. ಒಂದೇ ವಾರ ಆಪರೇಷನ್ನು, ಪಕ್ಕದ ಮಂಚ. ಅವರ ಗೆಡ್ಡೆ ಮೂರು ಸೆಂಟಿಮೀಟರು, ನನ್ನದು ನಾಲ್ಕೂವರೆ. ನನಗಿಂತ ಮೊದ್ಲೇ ಎದ್ದು ಓಡಾಡಿದ್ರು. ಆರು ತಿಂಗಳು ತಪಾಸಣೆಗೆ ಬಂದ್ರು. ಆಮೇಲೆ ‘ಚೆನ್ನಾಗೇ ಇದ್ದೀನಲ್ಲ, ಅಂಗಡಿ ಮುಚ್ಚಿ ಯಾಕೆ ಬರ್ಲಿ’ ಅಂದ್ರು. ಸಂಜೆ ಗ್ಲಾಸೂ ಮತ್ತೆ ಶುರುವಾಯ್ತಂತೆ. ಎರಡು ವರ್ಷ ಆದ್ಮೇಲೆ ಹೊಟ್ಟೆ ಊದಿಸ್ಕೊಂಡು ಬಂದ್ರು. ಅಷ್ಟೊತ್ತಿಗೆ ಏನೂ ಉಳಿದಿರಲಿಲ್ಲ.

ಸೊಸೆ: ಗೆಡ್ಡೆ ದೊಡ್ಡ ರಕ್ತನಾಳಕ್ಕೆ ನುಗ್ಗಿದ ಮೇಲೆ ಕತ್ತಿಗೆ ಕೆಲಸ ಇಲ್ಲ. ಔಷಧಿಗಳಿವೆ, ಮೊದಲಿಗಿಂತ ಒಳ್ಳೆಯವೂ ಬಂದಿವೆ. ಆದರೆ ಬಹಳ ಜನರಿಗೆ ಅವು ಕೊಡೋದು ತಿಂಗಳ ಲೆಕ್ಕದ ಆಯಸ್ಸು.

ಮಾವ: ಆಪರೇಷನ್ ದಿನ ನೋಡಿದ್ರೆ ಅವರದ್ದೇ ಚೆನ್ನಾಗಿತ್ತು. ಉಳಿದದ್ದು ನಾನು. ಇದು ಹಣೆಬರಹ ಅಲ್ವಾ?

ಸೊಸೆ: ಹಣೆಬರಹದ ಪಾಲೂ ಇದೆ, ಇಲ್ಲ ಅನ್ನಲ್ಲ. ತೆಗೆದ ಗೆಡ್ಡೆಯನ್ನ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದು ಸಣ್ಣ ರಕ್ತನಾಳದೊಳಗೆ ಹೊಕ್ಕಿದ್ದರೆ ಮತ್ತೆ ಬರೋ ಸಾಧ್ಯತೆ ಜಾಸ್ತಿ. ಒಂದಕ್ಕಿಂತ ಹೆಚ್ಚು ಗೆಡ್ಡೆ ಇದ್ದರೂ ಹಾಗೇ. ಅದು ರೋಗಿಯ ಕೈಲೂ ಇಲ್ಲ, ನಮ್ಮ ಕೈಲೂ ಇಲ್ಲ. ಕೈಲಿರೋದು ಮೂರು. ಮಣ್ಣು ಕೆಡಿಸಿದ ಕಾರಣಕ್ಕೆ ಔಷಧಿ ತಗೊಳ್ಳೋದು, ಹೆಂಡ ಮುಟ್ಟದಿರೋದು, ಹೇಳಿದ ದಿನ ಸ್ಕ್ಯಾನಿಗೆ ಬರೋದು. ಹೆಪಟೈಟಿಸ್ ಬಿ ಇರೋರು ಆಪರೇಷನ್ ಆದ ಮೇಲೆ ವೈರಸ್ ಅಡಗಿಸೋ ಮಾತ್ರೆ ತಗೊಂಡರೆ ಮರುಕಳಿಸೋದು ಕಡಿಮೆಯಾಗುತ್ತೆ ಅಂತ ತೈವಾನಿನಲ್ಲಿ ಸಾವಿರಾರು ಜನರ ದಾಖಲೆ ನೋಡಿ ಹೇಳಿದ್ದಾರೆ. ನಿಮ್ಮ ಟೆನೊಫೊವಿರ್ ಅದೇ ಕೆಲಸಕ್ಕೆ.

ಮಾವ: ಆ ಮಾತ್ರೆ ನುಂಗೋವರೆಗೆ ನಿಮ್ಮತ್ತೆ ತಟ್ಟೆ ಹಾಕಲ್ಲ. ಊರಲ್ಲಿ ಮಾತ್ರ, ಆ ಮಾತ್ರೆ ಬಿಡು, ನೆಲನೆಲ್ಲಿ ಅರೆದು ಮಜ್ಜಿಗೇಲಿ ಕುಡಿ ಅನ್ನೋರೇ ಎಲ್ಲ.

ಸೊಸೆ: ನೆಲನೆಲ್ಲಿಯನ್ನ ವಿಜ್ಞಾನ ಕಡೆಗಣಿಸಿಲ್ಲ ಮಾವ. 1988ರಲ್ಲಿ ಮದ್ರಾಸಿನ ಸಂಶೋಧಕರು ಅದನ್ನ ಹೆಪಟೈಟಿಸ್ ಬಿ ಇರೋರಿಗೆ ಕೊಟ್ಟು ನೋಡಿ, ಶೇ. 59 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಹೋಯ್ತು ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಈ ವೈರಸ್ ಪತ್ತೆಹಚ್ಚಿದ ಬರೂಕ್ ಬ್ಲೂಂಬರ್ಗ್, 1976ರಲ್ಲಿ ನೊಬೆಲ್ ಪಡೆದವರು, ಅವರ ಹೆಸರೂ ಆ ಲೇಖನದಲ್ಲಿತ್ತು. ಲೋಕವೇ ತಿರುಗಿ ನೋಡಿತು. ಆಮೇಲೆ ಬೇರೆ ಕಡೆ ಮಾಡಿದ ಪ್ರಯೋಗಗಳಲ್ಲಿ ಆ ಫಲ ಮತ್ತೆ ಸಿಗಲಿಲ್ಲ. ಅದನ್ನ ನಂಬಿ ಟೆನೊಫೊವಿರ್ ಬಿಟ್ಟರೆ, ಅಡಗಿದ್ದ ವೈರಸ್ ಒಮ್ಮೆಲೇ ಕೆರಳಿ ಲಿವರ್ ಹಾಳಾಗಬಹುದು.

(ದೂರದಲ್ಲಿ ಶ್ರವಣಬೆಳಗೊಳದ ಬೆಟ್ಟ ಕಂಡಿತು.)

ಮಾವ: ಹೋದ ವರ್ಷ ಅದನ್ನ ಹತ್ತಿದೆ, ಗೊತ್ತಾ? ಆರುನೂರು ಚಿಲ್ಲರೆ ಮೆಟ್ಟಿಲು. ಎರಡು ಸಲ ಕೂತೆ, ಆದ್ರೆ ಹತ್ತಿದೆ. ಆಪರೇಷನ್ ಆದ ಮೂರು ತಿಂಗಳು ಕೊಟ್ಟಿಗೆವರೆಗೂ ನಡೆಯೋಕೆ ಸುಸ್ತಾಗ್ತಿತ್ತು.

ಸೊಸೆ: ಎಷ್ಟು ವರ್ಷ ಬದುಕ್ತಾರೆ ಅಂತ ಲೆಕ್ಕ ಹಾಕೋವಾಗ ನಾವು ಇದನ್ನ ಬರೆಯೋದು ಮರೀತೀವಿ. ಉಳಿದ ಲಿವರ್ ಗಟ್ಟಿಯಿದ್ದವರು ಮೊದಲಿನ ಕೆಲಸಕ್ಕೇ ಮರಳ್ತಾರೆ.

ಮಾವ: ನಿಮ್ಮೂರಿನ ಮೇಷ್ಟ್ರು ಈಗ ಹೆಂಗವ್ರೆ? ಅದೇ, ನನ್ನ ಮೂರನೇ ತಪಾಸಣೆ ದಿನ ಸಿಕ್ಕಿದ್ರಲ್ಲ, ಹೆಂಡ ಮುಟ್ಟದೇ ಇದ್ರೂ ಲಿವರ್ ಹೋದೋರು.

ಸೊಸೆ: ಚೆನ್ನಾಗಿದ್ದಾರೆ. ಅವರದು ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಲಿವರಲ್ಲಿ ಕೊಬ್ಬು, ಅದರಿಂದ ಸಿರೋಸಿಸ್. ಹೊಳೆನರಸೀಪುರದಲ್ಲಿ ಜನ ಮಾತ್ರ ‘ಗುಟ್ಟಾಗಿ ಕುಡೀತಿದ್ರೇನೋ’ ಅಂತ ಆಡ್ಕೊಂಡರು. ಅದು ಅವರಿಗೆ ರೋಗಕ್ಕಿಂತ ದೊಡ್ಡ ನೋವು. ಗೆಡ್ಡೆ ಚಿಕ್ಕದಿತ್ತು, ಆದರೆ ಕೊಯ್ದರೆ ತಡೆಯೋ ಶಕ್ತಿ ಲಿವರಿಗಿರಲಿಲ್ಲ. ಅದಕ್ಕೇ ಇಡೀ ಲಿವರ್ ತೆಗೆದು ಕಸಿ ಮಾಡಿದರು. ಹೆಂಡತಿ ತನ್ನ ಲಿವರಿನ ಬಲಭಾಗ ಕೊಟ್ಟರು.

ಮಾವ: ಶುಂಠಿ ಬೆಳೆಯೋರು ಮಾಡೋದೂ ಅದೇ ಅಲ್ವಾ? ರೋಗ ಬಿದ್ದ ಹೊಲ ಬಿಟ್ಟು ಬೇರೆ ಕಡೆ ಹೊಸ ಹೊಲ ಗುತ್ತಿಗೆ ಹಿಡೀತಾರೆ.

ಸೊಸೆ: ಅದೇ. ಗೆಡ್ಡೆ ಜೊತೆಗೆ ಮಣ್ಣೂ ಹೋಗುತ್ತೆ. ಆದರೆ ಎಲ್ಲರಿಗೂ ಕಸಿ ಮಾಡಿ ಫಲವಿಲ್ಲ ಅಂತ ಮೊದಲ ದಶಕಗಳಲ್ಲಿ ಕಹಿ ಅನುಭವವಾಗಿತ್ತು. 1996ರಲ್ಲಿ ಇಟಲಿಯ ಮಿಲಾನಿನ ಮಜಾಫೆರೊ ತಂಡ ಒಂದು ಗೆರೆ ಎಳೀತು. ಒಂದೇ ಗೆಡ್ಡೆಯಾದರೆ ಐದು ಸೆಂಟಿಮೀಟರ್ ಮೀರಬಾರದು. ಮೂರರವರೆಗೆ ಇದ್ದರೆ ಒಂದೊಂದೂ ಮೂರು ಸೆಂಟಿಮೀಟರಿನೊಳಗಿರಬೇಕು. ಹಾಗೆ ಆರಿಸಿ ಕಸಿ ಮಾಡಿದ 48 ಜನರಲ್ಲಿ ನಾಲ್ಕು ವರ್ಷದ ಮೇಲೆ ಶೇ. 75 ಜನ ಬದುಕಿದ್ದರು. ಇವತ್ತಿಗೂ ಆ ಗೆರೆಯೇ ಅಡಿಪಾಯ. ಅದರೊಳಗಿದ್ದರೆ ಐದು ವರ್ಷ ದಾಟೋರು ಹತ್ತರಲ್ಲಿ ಸುಮಾರು ಏಳು ಜನ. ಮುಖ್ಯ ಏನಂದರೆ, ಮತ್ತೆ ಬರೋದು ನೂರರಲ್ಲಿ ಹತ್ತು-ಹದಿನೈದು ಜನಕ್ಕೆ ಮಾತ್ರ.

ಮಾವ: ಹಂಗಿದ್ರೆ ಎಲ್ಲರಿಗೂ ಕಸಿನೇ ಮಾಡ್ಬಹುದಲ್ಲ?

ಸೊಸೆ: ಲಿವರ್ ಎಲ್ಲಿಂದ ತರೋದು? ಮೆದುಳು ನಿಷ್ಕ್ರಿಯವಾದವರ ಅಂಗ ಸಿಗೋಕೆ ರಾಜ್ಯದ ಅಂಗದಾನ ಸಂಸ್ಥೆ ‘ಜೀವಸಾರ್ಥಕತೆ’ಯಲ್ಲಿ ಹೆಸರು ಬರೆಸಿ ಕಾಯಬೇಕು. ಕಾಯ್ತಾ ಇರೋವಾಗಲೇ ಗೆಡ್ಡೆ ಗೆರೆ ದಾಟಬಹುದು. ಮನೆಯವರು ಕೊಡೋದಾದರೆ ಒಬ್ಬರ ಬದಲು ಇಬ್ಬರಿಗೆ ಆಪರೇಷನ್. ಆಮೇಲೆ ಹೊಸ ಲಿವರನ್ನ ದೇಹ ತಳ್ಳದ ಹಾಗೆ ಜೀವನಪೂರ್ತಿ ಮಾತ್ರೆ, ಆ ಮಾತ್ರೆಯಿಂದ ಸೋಂಕಿನ ಭಯ. ಖರ್ಚು ಬೇರೆ. ಅದಕ್ಕೇ ಲಿವರ್ ತಡೆಯೋ ಹಾಗಿದ್ದರೆ ಮೊದಲು ಕೊಯ್ಯೋದೇ ಸರಿ.

ಮಾವ: ಖರ್ಚು ಅಂದ್ಯಲ್ಲ, ನನ್ನ ಆಪರೇಷನ್ ಆರೋಗ್ಯ ಕರ್ನಾಟಕ ಕಾರ್ಡಲ್ಲೇ ಆಯ್ತು. ಬಿಪಿಎಲ್‌ನವರಿಗೆ ವರ್ಷಕ್ಕೆ 5 ಲಕ್ಷ. ಆದ್ರೆ ಈ ಆರಾರು ತಿಂಗಳ ಓಡಾಟ ಯಾವ ಕಾರ್ಡಲ್ಲೂ ಇಲ್ಲ. ಊರಿಂದ ಹಾಸನಕ್ಕೆ ಬಸ್ಸು, ಹಾಸನದಿಂದ ರೈಲು, ಎರಡು ದಿನದ ಊಟ, ಜೊತೆಗೊಬ್ಬರು, ಹಾಲು ಕರೆಯೋಕೆ ಇನ್ನೊಬ್ಬರು. ಕೊಬ್ಬರಿ ಸಾಹುಕಾರ್ರಿಗೆ ದುಡ್ಡಿತ್ತು, ಮನಸ್ಸಿರಲಿಲ್ಲ. ಮನಸ್ಸಿದ್ದೂ ದುಡ್ಡಿಲ್ಲದೋರು ಎಷ್ಟು ಜನವೋ.

ಸೊಸೆ: ನಿಜ. ಆಪರೇಷನ್ನಿಗೆ ದೊಡ್ಡ ಆಸ್ಪತ್ರೆ ಬೇಕು, ಎಲ್ಲ ತಪಾಸಣೆಗೂ ಬೇಡ. ನಿಮ್ಮ ಈ ಸಲದ್ದು ಬೆಂಗಳೂರಲ್ಲೇ ಆಗಬೇಕು, ಸುಟ್ಟ ಜಾಗ ಎಂ.ಆರ್.ಐ.ನಲ್ಲಿ ನೋಡಬೇಕು. ಆದರೆ ಅಲ್ಟ್ರಾಸೌಂಡ್ ಮತ್ತು ಎ.ಎಫ್.ಪಿ. ರಕ್ತಪರೀಕ್ಷೆ ಸಾಕು ಅನ್ನೋರಿಗೆ ಅದನ್ನ ಜಿಲ್ಲೆಯಲ್ಲೇ ಮಾಡಿಸಿ ರಿಪೋರ್ಟ್ ಕಳಿಸೋ ಹಾಗೆ ನಾವು ಬರೆದುಕೊಡಬೇಕು. ರೋಗಿ ಬರಲಿಲ್ಲ ಅಂತ ದೂರೋದು ಸುಲಭ. ದಾರಿ ಹತ್ತಿರ ಮಾಡಿದ್ವಾ ಅಂತ ನಾವೂ ಕೇಳ್ಕೋಬೇಕು.

ಮಾವ: ಮತ್ತೆ ಬರದಂಗೆ ತಡೆಯೋ ಇಂಜೆಕ್ಷನ್ ಏನಾದ್ರೂ ಬಂದೈತಾ?

ಸೊಸೆ: ಬಂತು ಅಂತ 2023ರಲ್ಲಿ ಸಂಭ್ರಮಪಟ್ಟಿದ್ವಿ. ಆಪರೇಷನ್ ಆದವರಿಗೆ ಅಟೆಜೊಲಿಜುಮ್ಯಾಬ್, ಬೆವಾಸಿಜುಮ್ಯಾಬ್ ಅನ್ನೋ ಎರಡು ಔಷಧಿ ಒಂದು ವರ್ಷ ಕೊಟ್ಟರೆ ಮರುಕಳಿಸೋದು ತಗ್ಗುತ್ತೆ ಅಂತ ದೊಡ್ಡ ಅಧ್ಯಯನ ಹೇಳಿತು. 2024ರಲ್ಲಿ ಅದೇ ಜನರನ್ನ ಇನ್ನಷ್ಟು ದಿನ ನೋಡಿದಾಗ ಆ ಲಾಭ ಕರಗಿಹೋಗಿತ್ತು. ದೀರ್ಘಕಾಲದ ಫಲಿತಾಂಶ ಅಂತ ನಾವು ಒತ್ತಿ ಹೇಳೋದು ಇದಕ್ಕೇ. ಮೊದಲ ವರ್ಷದ ಪೈರು ನೋಡಿ ಸುಗ್ಗಿ ಲೆಕ್ಕ ಹಾಕೋ ಹಾಗಿಲ್ಲ.

ಮಾವ: ಜನಕ್ಕೆ ಲಿವರಿನ ಭಯವೇ ಇಲ್ಲ ನೋಡು. ಹೋದ ವರ್ಷ ಜೂನಲ್ಲಿ ಹಾಸನದಲ್ಲಿ ಹೃದಯಾಘಾತ ಅಂತ ಟಿ.ವಿ.ಲಿ ಬಂದದ್ದೇ ಬಂದದ್ದು, ಊರಿಗೂರೇ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತಿತ್ತು. ಲಿವರ್ ತೋರಿಸ್ಬೇಕು ಅಂತ ಯಾವನೂ ನಿಲ್ಲಲಿಲ್ಲ.

ಸೊಸೆ: ಎದೆ ನೋವು ಕೊಟ್ಟು ಕೂಗುತ್ತೆ. ಲಿವರಿನೊಳಗೆ ನೋವು ಗೊತ್ತಾಗೋ ನರಗಳೇ ಇಲ್ಲ. ಗೆಡ್ಡೆ ಹಿಗ್ಗಿ ಹೊರಗಿನ ಪೊರೆ ಎಳೆದಾಗ ಮಾತ್ರ ನೋಯುತ್ತೆ. ಅದಕ್ಕೇ ಲಿವರ್ ಕ್ಯಾನ್ಸರ್ ಬಂದ ಬಹುಪಾಲು ಜನ ಆಪರೇಷನ್ನಿನ ಹಂತ ದಾಟಿದ ಮೇಲೆ ಬರ್ತಾರೆ. 2022ರಲ್ಲಿ ಜಗತ್ತಿನಲ್ಲಿ ಸುಮಾರು 8,66,000 ಜನರಿಗೆ ಇದು ಹೊಸದಾಗಿ ಬಂತು, ಅದೇ ವರ್ಷ ಸುಮಾರು 7,58,000 ಜನ ಇದರಿಂದ ಸತ್ತರು. ಬಂದವರ ಸಂಖ್ಯೆಗೂ ಹೋದವರ ಸಂಖ್ಯೆಗೂ ಇರೋ ಅಂತರ ನೋಡಿ. ನಾವು ಇಷ್ಟೊತ್ತು ಮಾತಾಡಿದ ಹತ್ತು ಜನ, ಆ ಅಂತರದಲ್ಲಿ ಸಿಕ್ಕ ಅದೃಷ್ಟವಂತರು.

ಮಾವ: ನನ್ನದು ಸಿಕ್ಕಿದ್ದು ಹೆಂಗೆ ಹೇಳು? ಪಿತ್ತಕೋಶದಲ್ಲಿ ಕಲ್ಲು ಅಂತ ಹಾಸನದಲ್ಲಿ ಸ್ಕ್ಯಾನ್ ಮಾಡಿಸ್ದಾಗ. ಕಲ್ಲಿರಲಿಲ್ಲ, ಗೆಡ್ಡೆ ಇತ್ತು. ಅಲ್ಲ, ಈ ವೈರಸ್ ನನಗೆ ಬಂದದ್ದಾದ್ರೂ ಎಲ್ಲಿಂದ?

ಸೊಸೆ: ಖಂಡಿತವಾಗಿ ಹೇಳೋಕಾಗಲ್ಲ. ಕುದಿಸಿದ ಒಂದೇ ಸೂಜಿ ಊರಿಗೆಲ್ಲ ಚುಚ್ತಿದ್ದ ಕಾಲ, ಕ್ಷೌರದ ಕತ್ತಿ, ರಕ್ತ. ಜೊತೆಗೆ ಕೂತು ಉಂಡರೆ ಬರಲ್ಲ, ಅದೊಂದು ಸುಳ್ಳು ಭಯ. ಆದರೆ ಇಷ್ಟು ವರ್ಷ ಒಳಗೇ ನೆಲೆಸಿರೋದು ನೋಡಿದರೆ ಹೆರಿಗೆ ಹೊತ್ತಲ್ಲಿ ತಾಯಿಯಿಂದಲೋ, ಎಳೇ ವಯಸ್ಸಲ್ಲಿ ಮನೆಯೊಳಗೋ ಬಂದಿರಬೇಕು. ದೊಡ್ಡವರಾದ ಮೇಲೆ ಬಂದದ್ದು ಬಹಳ ಜನಕ್ಕೆ ತಾನಾಗಿ ಹೋಗುತ್ತೆ.

ಮಾವ: ತಾಯಿಯಿಂದ ಅಂದ್ರೆ, ನನ್ನ ಹೆತ್ತೋಳೇ ನಿಮ್ಮಮ್ಮನ್ನೂ ಹೆತ್ತಿದ್ದು.

ಸೊಸೆ: ಹೌದು ಮಾವ.

ಮಾವ: ಟೆಸ್ಟ್ ಮಾಡ್ಸಿದ್ದೀಯಾ?

ಸೊಸೆ: ನಂದು ಮಾಡ್ಸಿದ್ದೀನಿ. ಮೆಡಿಕಲ್ ಕಾಲೇಜು ಸೇರಿದಾಗಲೇ ಲಸಿಕೆಯೂ ಆಯ್ತು. ಅಮ್ಮಂದು... ಕೇಳಿದಾಗೆಲ್ಲ ‘ನನಗೇನಾಗಿದೆ, ಚೆನ್ನಾಗೇ ಇದ್ದೀನಲ್ಲ’ ಅಂತಾಳೆ. ನಾನೂ ಡ್ಯೂಟಿ ಗಡಿಬಿಡಿಯಲ್ಲಿ ಸುಮ್ಮನಾಗಿಬಿಟ್ಟೆ.

ಮಾವ: ಕೊಬ್ಬರಿ ಸಾಹುಕಾರ್ರು ಅಂದಿದ್ದೂ ಅದೇ ಮಾತು. ನಾಲ್ಕೂವರೆ ವರ್ಷದಿಂದ ನನಗೆ ಲೆಕ್ಕ ಹೇಳೋ ಡಾಕ್ಟ್ರು ನೀನು, ಮನೇಲಿ ಹೆತ್ತೋಳ ಲೆಕ್ಕ ಬಿಟ್ಟಿದ್ದೀಯ. ಫೋನ್ ಹಚ್ಚು.

ಸೊಸೆ: ರಿಂಗಾಗ್ತಿದೆ. ಮಾವ, ಹೇಳೋದು ಇಷ್ಟೇ. ಹೆಪಟೈಟಿಸ್ ಬಿ ಪರೀಕ್ಷೆ, ಒಂದೇ ಸಲ ರಕ್ತ ಕೊಡೋದು. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಇಲ್ಲ ಅಂತ ಬಂದರೆ ಆರು ತಿಂಗಳಲ್ಲಿ ಮೂರು ಲಸಿಕೆ. ಇದೆ ಅಂತ ಬಂದರೆ ನಿಮ್ಮ ಹಾಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನ್, ಬೇಕಾದರೆ ಮಾತ್ರೆ. ಗೆಡ್ಡೆ ಹುಟ್ಟೋಕೆ ಮೊದಲೇ. ಚಿಕ್ಕಮಾವನಿಗೂ, ನಿಮ್ಮ ಮಕ್ಕಳಿಗೂ ಹೇಳಿ. ಈಗ ಹುಟ್ಟೋ ಮಕ್ಕಳಿಗಾದರೆ ಹುಟ್ಟಿದ 24 ಗಂಟೆಯೊಳಗೇ ಲಸಿಕೆ ಹಾಕ್ತಾರೆ.

ಮಾವ: ಹಲೋ, ಅಕ್ಕಾ? ರೈಲಲ್ಲಿದ್ದೀವಿ, ಚೆನ್ನಾಗಿದ್ದೀವಿ. ನೀನು ಒಂದು ಕೆಲ್ಸ ಮಾಡು. ನಾಳೆ ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಹೆಪಟೈಟಿಸ್ ಬಿ ಟೆಸ್ಟ್ ಅಂತ ಕೇಳು. ಇಲ್ಲ, ಉಪವಾಸ ಬೇಕಿಲ್ಲ. ತಿಂಡಿ ತಿಂದೇ ಹೋಗು.